ಬೆನ್ನುಹುರಿ ಗಾಯ: ಜೀವ ಉಳಿಸಿದ ಶುಶ್ರೂಷೆ

ಕಡಿದುಹೋದ ಬೆನ್ನುಹುರಿಯು ಚರ್ಮ, ಮೂಳೆಗಳಂತೆ ತಾನಾಗಿ ಕೂಡಿಕೊಳ್ಳುವುದಿಲ್ಲ. ಆದರೆ ಹಿಂದೆ ಇಂತಹ ಗಾಯಾಳುಗಳ ಜೀವ ತೆಗೆಯುತ್ತಿದ್ದುದು ಹೆಚ್ಚಾಗಿ ಹಾಸಿಗೆ ಹುಣ್ಣು ಮತ್ತು ಮೂತ್ರನಾಳದ ಸೋಂಕು. ಸ್ಪರ್ಶಜ್ಞಾನ ಕಳೆದುಕೊಂಡವರು ಒಂದೇ ಮಗ್ಗುಲಲ್ಲಿ ಮಲಗಿದ್ದರೆ ದೇಹದ ಭಾರಕ್ಕೆ ರಕ್ತಸಂಚಾರ ನಿಂತು ಚರ್ಮ ಕೊಳೆಯುತ್ತದೆ.

ನಾಜಿ ಜರ್ಮನಿಯಿಂದ 1939ರಲ್ಲಿ ಇಂಗ್ಲೆಂಡಿಗೆ ಬಂದ ನರತಜ್ಞ ಲುಡ್ವಿಗ್ ಗುಟ್‌ಮನ್, 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿ ಗಾಯಾಳುಗಳ ವಿಭಾಗವನ್ನು ಆರಂಭಿಸಿದರು. ಹಗಲಿರುಳೂ ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸುವ ನಿಯಮ ತಂದರು. ಹುಣ್ಣುಗಳು ತಗ್ಗಿದವು, ರೋಗಿಗಳು ಬದುಕಿದರು. 1948ರಲ್ಲಿ ಅಲ್ಲಿಯೇ 16 ಗಾಯಾಳುಗಳು ಗಾಲಿಕುರ್ಚಿಯಲ್ಲಿ ಕುಳಿತು ಬಿಲ್ಲುಗಾರಿಕೆಯಲ್ಲಿ ಸ್ಪರ್ಧಿಸಿದರು. ಪ್ಯಾರಾಲಿಂಪಿಕ್ಸ್‌ನ ಮೂಲ ಅದೇ.

ಕಡಿದ ಹುರಿಯನ್ನು ಬೆಸೆಯುವ ಔಷಧ ಇನ್ನೂ ದೊರೆತಿಲ್ಲ. ಮಗ್ಗುಲು ಬದಲಿಸುವುದು, ದಿನವೂ ಚರ್ಮ ಪರೀಕ್ಷಿಸುವುದು ಇಂದಿಗೂ ಆರೈಕೆಯ ಅಡಿಪಾಯ.