ಅಜ್ಜನ ಚಿಲುಮಿ ಎಲ್ಲಿಂದ ಬಂತು?

ಭಾಗ 1/6: ಮೊದಲ ಒಂದು ಮಾತು

ಹೋದ ರವಿವಾರ ನಾನು ಹಾಕಿದ್ದ ಫೋಟೊ ನಿಮ್ಮಲ್ಲಿ ಬಹಳ ಮಂದಿ ನೋಡಿದ್ದೀರಿ. ಮೊರಬದಾಗ ನಮ್ಮ ಹೊಲದ ಬದುವಿನ ಮ್ಯಾಲ ಕುಂತು, ಬಾಯಿಗೆ ಅಜ್ಜನ ಮಣ್ಣಿನ ಚಿಲುಮಿ ಹಿಡಕೊಂಡು ತಗಿಸಿದ್ದು. ಹಿಂದ ಹೊತ್ತು ಮುಳುಗೂ ಬೆಳಕು. ಚಿಲುಮಿ ಖಾಲಿ ಇತ್ತು. ತಂಬಾಕ ಇಲ್ಲ, ಬೆಂಕಿ ಇಲ್ಲ. ಹೊಗೆ ಎಡಿಟ್ ಮಾಡಿ ಹಚ್ಚಿದ್ದು. ನನ್ನ ಪೇಜಿನ ಯಾವ ಫೋಟೊಕ್ಕೂ ಅಷ್ಟು ಲೈಕ್ ಬಿದ್ದಿರಲಿಲ್ಲ.

ರಾತ್ರಿ ಮೂರು ಮಂದಿ ಮೆಸೇಜ್ ಮಾಡಿದ್ರು. ಮೂವರದೂ ಒಂದೇ ಪ್ರಶ್ನೆ: "ಅಣ್ಣಾ, ಇದು ಎಲ್ಲಿ ಸಿಗತೈತಿ?" ಅವರೊಳಗ ಒಬ್ಬ ಇನ್ನೂ ಪಿಯುಸಿ ಮೊದಲನೇ ವರ್ಷ.

ಮರುದಿನ ಮುಂಜಾನೆ ಆಯಿಗೆ ಫೋಟೊ ತೋರಿಸಿದೆ. ಖುಷಿ ಆಗತಾಳ ಅನ್ಕೊಂಡಿದ್ದೆ. ಬಹಳ ಹೊತ್ತು ನೋಡಿದ್ಲು. "ಥೇಟ್ ಅವರಂಗ ಕಾಣಸ್ತಿ" ಅಂದ್ಲು. ಆಮ್ಯಾಲ ಫೋನ್ ಬೋರಲು ಇಟ್ಟು ರೊಟ್ಟಿ ಬಡಿಯಾಕ ಕುಂತ್ಲು. ಆ ಇಡೀ ದಿನ ನನ್ನ ಕೂಡ ಮಾತಾಡಲಿಲ್ಲ.

ಫೋಟೊ ತೆಗೆದುಬಿಟ್ಟೀನಿ. ಆದ್ರ ತೆಗೆದ ಮಾತ್ರಕ್ಕ ಆ ಮೂವರಿಗೆ ಉತ್ತರ ಕೊಟ್ಟಂಗ ಆಗೂದಿಲ್ಲ. ಅದಕ್ಕ ಈ ಸರಣಿ. ಚಿಲುಮಿ ಎಲ್ಲಿ ಸಿಗತೈತಿ ಅಂತ ನಾ ಹೇಳೂದಿಲ್ಲ. ಎಲ್ಲಿಂದ ಬಂತು, ಏನೇನು ತಗೊಂಡು ಹೋತು ಅಂತ ಹೇಳ್ತೀನಿ. ಓದ್ರಿ.

ಭಾಗ 2/6: ಇದು ಏನು, ಹೆಂಗ ಸೇದ್ತಿದ್ರು

ಕನ್ನಡದಾಗ ಚಿಲುಮೆ ಅಂದ್ರ ನೀರಿನ ಒರತಿ. ನಾವು ಹೇಳೂ ಚಿಲುಮಿ ಬ್ಯಾರೆ. ಅದು ಪಾರ್ಸಿ, ಉರ್ದು ಹಾದಿ ಹಿಡಿದು ಬಂದ 'ಚಿಲಮ್'. ಗೇಣಿಗಿಂತ ಸಣ್ಣ ಮಣ್ಣಿನ ಕೊಳವಿ. ಮ್ಯಾಲ ಅಗಲ, ಕೆಳಗ ಸಪೂರ. ಒಳಗ ಒಂದು ಸಣ್ಣ ಹರಳು ಇಡ್ತಾರ, ತಂಬಾಕ ಬಾಯಿಗೆ ಇಳಿಬಾರದು ಅಂತ. ಅದರ ಮ್ಯಾಲ ತಂಬಾಕ, ಅದರ ಮ್ಯಾಲ ಕೆಂಡ. ತುದಿಗೆ ಒದ್ದಿ ಅರಬಿ ಸುತ್ತಿ, ಎರಡೂ ಕೈ ಬೊಗಸಿ ಮಾಡಿ, ಬೆರಳ ಸಂದಿಯಿಂದ ಎಳಿಬೇಕು. ಅರಬಿ ಒದ್ದಿ ಇದ್ರ ಹೊಗೆ ಸ್ವಲ್ಪ ತಣ್ಣಗಾಗತೈತಿ, ತುಟಿ ಸುಡೂದಿಲ್ಲ.

ಇದು ಮನಿ ಒಳಗಿನ ಚಟ ಅಲ್ಲ, ಹೊಲದ್ದು. ಅಜ್ಜನ ಸಂಚಿಯಾಗ ಚಿಲುಮಿ ಜೊತಿ ಚಕಮಕಿ ಕಲ್ಲು, ಒಂದು ಉಕ್ಕಿನ ತುಂಡು, ಸ್ವಲ್ಪ ಹತ್ತಿ ಅರಳಿ ಇರ್ತಿದ್ದುವು. ಕಡ್ಡಿಪೆಟ್ಟಿಗೆ ಮನ್ಯಾಗ ಇದ್ರೂ ಅಂವಾ ಚಕಮಕಿನ ಬಡೀತಿದ್ದ. ಎತ್ತು ಬಿಟ್ಟ ಹೊತ್ತಿನಾಗ ಬೇವಿನ ಗಿಡದ ನೆರಳಿಗೆ ನಾಲ್ಕು ಮಂದಿ ಕುಂತ್ರ ಒಂದೇ ಚಿಲುಮಿ ಸುತ್ತ ತಿರುಗ್ತಿತ್ತು. ಒಬ್ಬ ಅರಬಿ ತೋಯಿಸೂದು, ಒಬ್ಬ ಕೆಂಡ ಊದೂದು. ಅಲ್ಲೇ ಮಳಿ ಮಾತು, ಸಾಲದ ಮಾತು, ಮದುವಿ ಮಾತು. ಒಬ್ಬನೇ ಕುಂತು ಫೋನ್ ನೋಡೂ ನಮಗ ಅದು ಚಂದ ಕಾಣೂದು ಸಹಜ ಐತಿ. ನನಗೂ ಹಂಗ ಕಂಡಿತ್ತು, ಅದಕ್ಕ ಫೋಟೊ ತೆಗೆಸಿದ್ದು.

ಭಾಗ 3/6: ವಿಜಾಪುರದಿಂದ ಆಗ್ರಾಕ್ಕ

ತಂಬಾಕ ನಮ್ಮ ಮಣ್ಣಿನ ಗಿಡ ಅಲ್ಲ, ಅಮೆರಿಕ ಖಂಡದ್ದು. ಔಷಧಿ ಹೊಗೆ ಸೇದೂದು ನಮ್ಮಲ್ಲಿ ಮೊದಲಿಂದ ಇತ್ತು. ಚರಕ ಸಂಹಿತೆಯಲ್ಲೇ 'ಧೂಮಪಾನ' ಐತಿ. ಆದ್ರ ಅದು ತಂಬಾಕ ಅಲ್ಲ. 1510ರಲ್ಲಿ ಪೋರ್ಚುಗೀಸರು ಆದಿಲ್‌ಶಾಹಿಯವರ ಕೈಯಿಂದ ಗೋವಾ ಕಸಕೊಂಡ್ರು. ಮುಂದ ಅವರ ಹಡಗಿನಾಗ ಮೆಣಸಿನಕಾಯಿ ಬಂತು, ತಂಬಾಕನೂ ಬಂತು. ನವಲಗುಂದ ಸೀಮಿ ಎರಿ ಹೊಲದಾಗ ಇವತ್ತು ಒಣಗೂ ಮೆಣಸಿನಕಾಯಿಗೂ ಅಜ್ಜನ ಚಿಲುಮಿಗೂ ಬಂದ ಬಂದರು ಒಂದೇ ಕಡಿದು.

ಈಗ ಅಸದ್ ಬೇಗ್ ಅನ್ನೋ ಮನುಷ್ಯಾನ ಕಥಿ ಕೇಳ್ರಿ. ಅಂವಾ ಅಕ್ಬರನ ಆಸ್ಥಾನದವ. 1604ರ ಸುಮಾರಿಗೆ ವಿಜಾಪುರಕ್ಕ, ಎರಡನೇ ಇಬ್ರಾಹಿಂ ಆದಿಲ್‌ಶಾಹನ ಹತ್ತಿರ, ರಾಯಭಾರಿಯಾಗಿ ಬಂದಿದ್ದ. ಅಲ್ಲಿ ಮೊದಲ ಸಲ ತಂಬಾಕ ನೋಡಿದ. ಹಿಂದೂಸ್ಥಾನದಾಗ ಎಲ್ಲೂ ಇಂಥದ್ದು ಕಂಡಿರಲಿಲ್ಲ ಅಂತ ಅವನೇ ಬರೆದಿಟ್ಟಾನ. ಸ್ವಲ್ಪ ಕೊಂಡ, ಜೊತಿಗೆ ಒಂದು ಕೊಳವಿ ತಯಾರು ಮಾಡಿಸಿದ. ಮೂರು ಮೊಳದ ಕೊಳವಿ, ಎರಡೂ ತುದಿಗೆ ರತ್ನ. ಬಾಯಿಗೆ ಇಡೂ ಕಡೆ ಯೆಮನ್ ದೇಶದ ಕೆಂಪು ಹರಳು. ಕೆಂಡಕ್ಕ ಬಂಗಾರದ ಬಟ್ಟಲ. ಆದಿಲ್‌ಶಾಹ ಉಡುಗೊರಿ ಕೊಟ್ಟಿದ್ದ ಎಲಿ ಅಡಿಕಿ ಸಂಚಿಯಾಗ ತಂಬಾಕ ತುಂಬಿ, ಎಲ್ಲಾ ಬೆಳ್ಳಿ ತಟ್ಟಿಯಾಗ ಇಟ್ಟು ಅಕ್ಬರನ ಮುಂದ ಹಿಡಿದ.

ಅಕ್ಬರ ಎರಡು ಮೂರು ದಮ್ಮು ಎಳೆದ. ಅಲ್ಲೇ ಇದ್ದ ಹಕೀಮ ತಡೆದ. ಇದು ಹೊಸಾದು, ನಮ್ಮ ವೈದ್ಯರ ಗ್ರಂಥದಾಗ ಇದರ ಬಗ್ಗೆ ಏನೂ ಇಲ್ಲ, ಗೊತ್ತಿಲ್ಲದ್ದನ್ನ ಬಾದಶಹರು ಸೇದಬಾರದು ಅನ್ನೂದು ಅವನ ವಾದ. ಅಸದ್ ಬೇಗ್ ಸುಮ್ಮನಾಗಲಿಲ್ಲ. ಫಿರಂಗಿಯವರೊಳಗೂ ಶಾಣ್ಯಾರು ಅದಾರ, ಜಗತ್ತಿನಾಗ ಪ್ರತಿಯೊಂದು ರೂಢಿನೂ ಒಂದು ಕಾಲಕ್ಕ ಹೊಸಾದೇ ಇತ್ತು, ಪರೀಕ್ಷೆ ಮಾಡದ ಹೆಂಗ ಕೆಟ್ಟದ್ದು ಅಂತೀರಿ ಅಂದ. ಅಕ್ಬರನಿಗೆ ಈ ವಾದ ಹಿಡಿಸ್ತು. ಆದ್ರ ಒಂದು ಮಾತು ನೆನಪಿಡ್ರಿ: ವಾದ ಮೆಚ್ಚಿದ ಅಕ್ಬರ ಮುಂದ ಸೇದೂ ರೂಢಿ ಮಾಡಿಕೊಳ್ಳಲಿಲ್ಲ. ಅವನ ಸರದಾರರು ಮಾಡಿಕೊಂಡ್ರು. ವ್ಯಾಪಾರಸ್ಥರು ಮಾರಾಕ ಶುರು ಮಾಡಿದ್ರು. 1617ರಲ್ಲಿ ಅವನ ಮಗ ಜಹಾಂಗೀರ ನಿಷೇಧ ಹಾಕೂದ್ರೊಳಗ ಹೊಗೆ ಊರೂರು ಮುಟ್ಟಿತ್ತು.

ಅದೇ 1604ರಲ್ಲಿ ಅತ್ಲಾಗ ಇಂಗ್ಲೆಂಡಿನ ರಾಜ ಮೊದಲನೇ ಜೇಮ್ಸ್ ತಂಬಾಕನ್ನ ಬೈದು ಒಂದು ಪುಸ್ತಕನೇ ಬರೆದ. ಅಲ್ಲೂ ಯಾರೂ ಕೇಳಲಿಲ್ಲ.

ಭಾಗ 4/6: ಬಟ್ಟಲದ ಲೆಕ್ಕ

ಈ ಭಾಗ ನಮ್ಮ ಬಿಕಾಂ ಮಂದಿಗೆ. ಇಂಗ್ಲೆಂಡಿನಾಗೂ ಮೊದಲ ಮಣ್ಣಿನ ಪೈಪೇ ಇದ್ದುವು. ಹಳೇ ಪೈಪು ನೆಲದಾಗ ಸಿಕ್ರ ಅದು ಯಾವ ಕಾಲದ್ದು ಅಂತ ಹೇಳಾಕ ಬಟ್ಟಲದ ಅಳತಿ ನೋಡ್ತಾರ. ಬಟ್ಟಲ ಸಣ್ಣದಿದ್ರ ಹಳೇದು, ದೊಡ್ಡದಿದ್ರ ಆಮ್ಯಾಲಿಂದು. ಯಾಕಂದ್ರ ಶುರುವಿಗೆ ತಂಬಾಕ ಬಹಳ ತುಟ್ಟಿ, ಚಿಟಿಕಿಯಷ್ಟೇ ಹಾಕ್ತಿದ್ರು. ಬೆಲಿ ಇಳಿದಂಗ ಬಟ್ಟಲ ಅಗಲ ಆತು. 1954ರಲ್ಲಿ ಅಮೆರಿಕದ ಜೆ.ಸಿ. ಹ್ಯಾರಿಂಗ್ಟನ್ ಅನ್ನೋರು ಇನ್ನೊಂದು ತೋರಿಸಿಕೊಟ್ರು: ಕಾಲ ಹೋದಂಗ ಕೊಳವಿ ಒಳಗಿನ ತೂತು ಸಣ್ಣ ಆಗ್ತಾ ಬಂದೈತಿ. ಒಡೆದ ತುಂಡಿನ ತೂತು ಅಳೆದು ಇಸವಿ ಅಂದಾಜು ಮಾಡಬಹುದು. ಬೇಡಿಕೆ, ಪೂರೈಕೆ ಅಂತ ನಾವು ಓದೂದು ಹಿಂಗ ಮಣ್ಣಿನಾಗ ಹುಗಿದುಕೊಂಡಿರತೈತಿ.

ಹತ್ತೊಂಬತ್ತನೇ ಶತಮಾನದ ನಡುವಿಗೆ ಫ್ರಾನ್ಸಿನ ಸೇಂಟ್ ಕ್ಲೋಡ್ ಊರಾಗ ಬ್ರಯರ್ ಅನ್ನೋ ಗಿಡದ ಬೇರಿನ ಗಂಟು ಕೊರೆದು ಪೈಪ್ ಮಾಡಾಕ ಹತ್ತಿದ್ರು. ಆ ಕಟ್ಟಿಗಿ ಲಗೂನ ಸುಡೂದಿಲ್ಲ. ಇವತ್ತಿಗೂ ಅಲ್ಲಿನ ಮಂದಿ ಕಟ್ಟಿಗಿ ತುಂಡು ಕೊಂಡು, ರಜಾ ದಿನ ಅಂಗಳದಾಗ ಕುಂತು ಪೈಪ್ ಕೆತ್ತತಾರ, ಕಾಡು ಮ್ಯಾಡಿನಾಗ ಕುಂತು ಸೇದತಾರ. ಇದಕ್ಕ ಅವರು ಹವ್ಯಾಸ ಅಂತಾರ. ನಿಮ್ಮ ಫೀಡಿನಾಗೂ ಅಂಥ ರೀಲ್ಸ್ ಬಂದಿರಬಹುದು.

ನಮ್ಮ ಕಡೆ ಚಿಲುಮಿ ಹವ್ಯಾಸ ಆಗಲೇ ಇಲ್ಲ. ಅದಕ್ಕಿಂತ ಮೊದಲ ಬೀಡಿ ಬಂತು. ಕೆಂಡ ಬ್ಯಾಡ, ಅರಬಿ ಬ್ಯಾಡ, ನಾಲ್ಕು ಮಂದಿನೂ ಬ್ಯಾಡ. 1910ರಲ್ಲಿ ಕೋಲ್ಕತ್ತಾದಾಗ ಇಂಪೀರಿಯಲ್ ಟೊಬ್ಯಾಕೊ ಕಂಪನಿ, ಅಂದ್ರ ಈಗಿನ ಐಟಿಸಿ, ಶುರು ಆತು. 1943ರಲ್ಲಿ ಸರಕಾರ ತಂಬಾಕಿನ ಮ್ಯಾಲ ಕೇಂದ್ರ ಅಬಕಾರಿ ಸುಂಕ ಹಾಕ್ತು. ಕುಂಬಾರನ ಚಿಲುಮಿ ಸಂತಿಯಿಂದ ಮೆಲ್ಲಕ ಇಲ್ಲದಂಗ ಆತು.

ಭಾಗ 5/6: ಬೆಳೆದವರ ಪಾಲು

ಹೊಗೆಯ ಕಥಿ ಹೇಳಿ ಬೆಳೆದವರ ಕಥಿ ಬಿಟ್ರ ಅದು ಅರ್ಧ ಲೆಕ್ಕ. ಬೀಡಿ ತಂಬಾಕಿಗೆ ನಮ್ಮ ರಾಜ್ಯದಾಗ ಹೆಸರಾದ ಊರು ಬೆಳಗಾವಿ ಜಿಲ್ಲೆಯ ನಿಪ್ಪಾಣಿ.

1980ರ ಜುಲೈ 21 ನಮ್ಮ ತಾಲ್ಲೂಕಿನವರಿಗೆ ಹೇಳಿಕೊಡಬೇಕಾಗಿಲ್ಲ. ಮಲಪ್ರಭಾ ನೀರಿನ ಕರದ ವಿರುದ್ಧ ಎದ್ದ ನರಗುಂದ, ನವಲಗುಂದದ ರೈತರ ಮ್ಯಾಲ ಗೋಲಿಬಾರ್ ಆದ ದಿನ. ಅದಾಗಿ ಒಂಬತ್ತು ತಿಂಗಳು ತುಂಬೂದ್ರೊಳಗ ನಿಪ್ಪಾಣಿಯಲ್ಲಿ ಅದೇ ಆತು. ತಂಬಾಕಿಗೆ ವ್ಯಾಪಾರಸ್ಥರು ಹೇಳಿದ್ದೇ ರೇಟು ಆಗಿತ್ತು. ನ್ಯಾಯವಾದ ಬೆಲಿ ಬೇಕು ಅಂತ 1981ರ ಮಾರ್ಚಿನಾಗ ಶರದ್ ಜೋಶಿಯವರ ಮುಂದಾಳತ್ವದಾಗ ರೈತರು ಹೆದ್ದಾರಿ ಮ್ಯಾಲ ಕುಂತ್ರು. ಮೂರು ವಾರ ಅಲ್ಲೇ ಅಡಿಗಿ, ಅಲ್ಲೇ ಮಲಗೂದು. ಏಪ್ರಿಲ್ 6ಕ್ಕ ಪೊಲೀಸರು ಅವರನ್ನ ಎಬ್ಬಿಸಿದ್ರು. ಗುಂಡಿಗೆ ಹನ್ನೆರಡು ಮಂದಿ ಸತ್ರು.

ಅದೇ ಊರಿನ ತಂಬಾಕ ಕಾರ್ಖಾನೆಗಳಾಗ ದುಡಿಯೋರು ಬಹುತೇಕ ಹೆಣ್ಮಕ್ಕಳು. ಎಲಿ ಬಡಿಯೂದು, ಜರಡಿ ಹಿಡಿಯೂದು, ಇಡೀ ದಿನ ಆ ಧೂಳಿನಾಗ ಉಸಿರಾಡೂದು. ಅವರು ಸಂಘ ಕಟ್ಟಿದ ಕಥಿಯನ್ನ ಯುಗಾಂತರ್ ಅನ್ನೋ ಹೆಣ್ಮಕ್ಕಳ ಸಿನಿಮಾ ತಂಡ, ದೀಪಾ ಧನರಾಜ್ ಅವರ ನಿರ್ದೇಶನದಾಗ, 1982ರಲ್ಲಿ ಸಾಕ್ಷ್ಯಚಿತ್ರ ಮಾಡೇತಿ. ಒಂದು ಚಿಟಿಕಿ ತಂಬಾಕ ಅಜ್ಜನ ಚಿಲುಮಿಗೆ ಬರೂದ್ರೊಳಗ ಎಷ್ಟು ಮಂದಿ ಕೆಮ್ಮಿರಬೇಕು, ನೀವೇ ವಿಚಾರ ಮಾಡ್ರಿ. ಸೇದಿದವನು ಕಡೀಕ ಕೆಮ್ಮಿದವ.

ಭಾಗ 6/6: ಪರೀಕ್ಷೆ ಮುಗಿದೈತಿ

ಈ ಸರಣಿ ಬರಿಯೂ ಮುಂದ ನಾನೇ ಒಂದು ಚಿಲುಮಿ ಮಾಡಿ ನೋಡಿದೆ. ಹೊಲದ ಎರಿ ಮಣ್ಣು ನಾದಿ, ಕಡ್ಡಿಗೆ ಮೆತ್ತಿ ಬಿಸಿಲಿಗೆ ಇಟ್ಟೆ. ಸಂಜಿ ಅನ್ನೂದ್ರಾಗ ಬ್ಯಾಸಿಗಿ ಹೊಲದಂಗ ಬಿರುಕು ಬಿಟ್ಟಿತ್ತು. ಎರಡನೇದೂ ಹಂಗೇ. ಸಂತ್ಯಾಗ ಗಡಿಗಿ ಮಾರೂ ಕುಂಬಾರ ಅಜ್ಜಿಯನ್ನ ಕೇಳಿದೆ. ಜೋರ್ ನಕ್ಕಳು. "ಎರಿ ನೀರು ಕುಡಿದು ಉಬ್ಬತೈತಿ, ಒಣಗಿದ್ರ ಸೊರಗತೈತಿ. ಕೆರಿ ಮಣ್ಣು ತಗೋ, ಉಸುಕು ಬೂದಿ ಕೂಡಿಸು, ನೆರಳಾಗ ಒಣಗಸು" ಅಂದ್ಲು. ಹಂಗ ಮಾಡಿ, ಕುಳ್ಳಿನ ಬೆಂಕ್ಯಾಗ ಸುಟ್ಟೆ. ನಾಲ್ಕರಾಗ ಒಂದು ಉಳೀತು. ಸೊಟ್ಟ ಐತಿ, ಆದ್ರ ಗಟ್ಟಿ ಐತಿ. ಅದರ ಫೋಟೊ ಇವತ್ತು ಹಾಕೀನಿ. ಮಣ್ಣು ನಾದೂ ಆ ನಾಲ್ಕು ದಿನ ಬಹಳ ಚಲೋ ಹೋದುವು. ಹವ್ಯಾಸ ಬೇಕಂದ್ರ ಅದು ಇಲ್ಲೇ ಐತಿ, ಕೈಯಾಗ. ಹೊಗೆಯಾಗ ಅಲ್ಲ.

ಈಗ ಅಸದ್ ಬೇಗನ ಮಾತಿಗೆ ಬರ್ತೀನಿ. ಪರೀಕ್ಷೆ ಮಾಡದ ಕೆಟ್ಟದ್ದು ಅನಬ್ಯಾಡ್ರಿ ಅಂದಿದ್ನಲ್ಲ, ಅಂವಾ ಹೇಳಿದ್ದು ತಪ್ಪಲ್ಲ. 1604ರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದ್ರ ಪರೀಕ್ಷೆ ಆಮ್ಯಾಲ ಆತು. 1950ರಲ್ಲಿ ರಿಚರ್ಡ್ ಡಾಲ್, ಬ್ರಾಡ್‌ಫರ್ಡ್ ಹಿಲ್ ಇಬ್ಬರೂ ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರೂ ನಂಟು ತೋರಿಸಿದ್ರು. 1951ರಿಂದ ಬ್ರಿಟನ್ನಿನ 34,439 ಗಂಡಸು ಡಾಕ್ಟರರನ್ನೇ ಐವತ್ತು ವರ್ಷ ಲೆಕ್ಕ ಇಟ್ರು. ಅಂದು ತಡೆದವನೂ ವೈದ್ಯ, ಇಂದು ಲೆಕ್ಕಕ್ಕ ಸಿಕ್ಕವರೂ ವೈದ್ಯರು. ರಿಸಲ್ಟ್ ಬಂದದ್ದು 2004ರಲ್ಲಿ, ಸುಮಾರು ನಾಲ್ಕು ನೂರು ವರ್ಷಕ್ಕ: ಸಿಗರೇಟ್ ಬಿಡದ ಸೇದಿದವರ ಆಯುಷ್ಯ ಸರಾಸರಿ ಹತ್ತು ವರ್ಷ ಕಡಿಮಿ. ಪೈಪಿನ ಹೊಗೆ ಒಳಗ ನುಂಗದಿದ್ರೂ ತುಟಿ, ಬಾಯಿ, ಗಂಟಲ ಬಿಡೂದಿಲ್ಲ.

ನಮ್ಮ ಅಜ್ಜಂದು ಗಂಟಲ. ನಾನಾಗ ಐದನೇತ್ತಿ. ಹುಬ್ಬಳ್ಳಿ ದವಾಖಾನಿಯಿಂದ ಬಂದ ಮ್ಯಾಲ ಅಂವಾ ಮಾತಾಡಾಕ ಆಗದ ಕೈಸನ್ನಿ ಮಾಡ್ತಿದ್ದ. ಆರು ತಿಂಗಳು ಅವನ ಸನ್ನಿ ತಿಳೀತಿದ್ದುದು ಆಯಿಗೆ ಒಬ್ಬಾಕಿಗೇ. ಫೋಟೊದಾಗ "ಥೇಟ್ ಅವರಂಗ" ಅಂದದ್ದು ಯಾವ ಅರ್ಥದಾಗ ಅಂತ ನನಗ ತಿಳಿಯಾಕ ಒಂದು ವಾರ ಹಿಡೀತು.

ಕಾನೂನೂ ಹೇಳಿಬಿಡ್ತೀನಿ. ಕರ್ನಾಟಕದ ತಿದ್ದುಪಡಿ ಕಾಯ್ದೆಗೆ 2025ರ ಮೇ ತಿಂಗಳಾಗ ರಾಷ್ಟ್ರಪತಿಗಳ ಅಂಕಿತ ಬಿದ್ದೈತಿ. ತಂಬಾಕ ಮಾರೂದಕ್ಕ ವಯಸ್ಸು 18 ಇದ್ದದ್ದು 21 ಆಗೇತಿ. ಹುಕ್ಕಾ ಬಾರ್ ಬಂದ್. ನನಗ ಇನ್ನೂ ಇಪ್ಪತ್ತು. ಅಂದ್ರ ಆ ಫೋಟೊದಾಗಿನ ಹೊಗೆ ಖರೇ ಇದ್ದಿದ್ರ, ತಂಬಾಕ ಕೊಟ್ಟ ಅಂಗಡಿಯವ ತಪ್ಪಿತಸ್ಥ ಆಗ್ತಿದ್ದ.

ನಮ್ಮ ಸೀಮಿಯಾಗ ಷರೀಫಜ್ಜನ ಹೆಸರಿಲೆ ಒಂದು ಗುಡುಗುಡಿ ಪದ ಹಾಡ್ತಾರ, ಕೇಳಿರಬೇಕು. ಭಜನಿಯಾಗ ಆ ಪದ ಬಂದ್ರ ಅಜ್ಜ ತಾಳ ಹಾಕ್ತಿದ್ದ. ಅದರಾಗ ಸುಡೂದು ತಂಬಾಕ ಅಲ್ಲ, ಮನಸ್ಸಿನ ಮೋಹ. ಅರ್ಥ ಅಜ್ಜನಿಗೂ ಗೊತ್ತಿತ್ತು. ಗೊತ್ತಿದ್ರೂ ಹೊರಗ ಬಂದು ಚಕಮಕಿ ಬಡೀತಿದ್ದ. ಬಿಡೂದು ಅಷ್ಟು ಹಗರ ಅಲ್ಲ ಅನ್ನೂದಕ್ಕ ಇದನ್ನ ಹೇಳಿದೆ. ಸೇದೋರನ್ನ ಬಯ್ಯಾಕ ಅಲ್ಲ.

ಮೆಸೇಜ್ ಮಾಡಿದ ಆ ಮೂವರಿಗೆ: ತಮ್ಮಾ, ಚಿಲುಮಿ ಎಲ್ಲಿ ಸಿಗತೈತಿ ಅಂತ ಕೇಳಬ್ಯಾಡ್ರಿ. ರವಿವಾರ ಮೊರಬಕ್ಕ ಬರ್ರಿ, ಕೆರಿ ಮಣ್ಣು ಇನ್ನೂ ಅರ್ಧ ಪುಟ್ಟಿ ಉಳಿದೈತಿ. ಏನರ ಮಾಡೂಣು. ದೀಪ ಮಾಡಿದ್ರೂ ಆತು.

ಉಳಿದವರು ಒಂದು ಕೆಲಸ ಮಾಡ್ರಿ. ನಿಮ್ಮ ಮನಿ ಮಾಡದಾಗ ಇರೂ ಹಳೇ ಸಂಚಿ, ಚಕಮಕಿ, ಅಡಕೊತ್ತು, ಏನಿದ್ರೂ ಫೋಟೊ ಕಳಸ್ರಿ. ಜೊತಿಗೆ ಅದನ್ನ ಬಳಸಿದವರ ಕಥಿನೂ ಬರೀರಿ, ಪೂರ್ತಿ ಬರೀರಿ. ಅಜ್ಜನ ಚಿಲುಮಿಯನ್ನ ಆಯಿ ತೊಳೆದು ಮತ್ತ ಮಾಡದಾಗ ಇಟ್ಟಾಳ. ಅದರ ಮಗ್ಗಲಕ ನನ್ನ ಸೊಟ್ಟ ಚಿಲುಮಿಗೂ ಜಾಗಾ ಕೊಟ್ಟಾಳ. ಇಟ್ಟ ಮ್ಯಾಲ ನನ್ನ ಕಡೆ ತಿರುಗಿ ಇಷ್ಟೇ ಅಂದ್ಲು: "ಇದರಾಗ ಹರಳು ಹಾಕಬ್ಯಾಡ."

#ಮೊರಬ #ನವಲಗುಂದ #ಅಜ್ಜನಚಿಲುಮಿ #ಹಳೇಸಾಮಾನುಹಳೇಕಥಿ