ಪವಾಡವನ್ನು ತೆಗೆದಿಟ್ಟರೆ ಉಳಿಯುವುದೇನು?



1988ರ ಅಕ್ಟೋಬರ್‌ನಿಂದ 1990ರ ಜೂನ್‌ವರೆಗೆ ಭಾನುವಾರದ ಬೆಳಗ್ಗೆ ನಮ್ಮ ಬೀದಿಯಲ್ಲಿ ಜನಸಂಚಾರವೇ ಇರುತ್ತಿರಲಿಲ್ಲ. ದೂರದರ್ಶನದಲ್ಲಿ ಬಿ.ಆರ್. ಚೋಪ್ರಾ ಅವರ 'ಮಹಾಭಾರತ' ಧಾರಾವಾಹಿ ಪ್ರಸಾರವಾಗುತ್ತಿದ್ದ ಕಾಲ ಅದು. ಅಜ್ಜಿ ಸ್ನಾನ ಮುಗಿಸಿ, ಟಿ.ವಿ. ಪೆಟ್ಟಿಗೆಯ ಮೇಲೆ ಹೂವಿಟ್ಟು ಕೂರುತ್ತಿದ್ದರು. ಬಾಣಕ್ಕೆ ಬಾಣ ಆಕಾಶದಲ್ಲೇ ತಾಗಿ ಬೆಂಕಿ ಉಗುಳುತ್ತಿತ್ತು. ಕೃಷ್ಣ ಕಾಣಿಸಿಕೊಂಡರೆ ಅಜ್ಜಿ ಕೈ ಮುಗಿಯುತ್ತಿದ್ದರು.

ಹತ್ತು ಹನ್ನೆರಡು ವರ್ಷಗಳ ನಂತರ, ಬಿ.ಎಸ್‌ಸಿ. ಓದುತ್ತಿದ್ದಾಗ, ಎಸ್.ಎಲ್. ಭೈರಪ್ಪನವರ 'ಪರ್ವ' ಕಾದಂಬರಿ ನನ್ನ ಕೈಗೆ ಬಂತು. ಅದರಲ್ಲಿ ಬೆಂಕಿ ಉಗುಳುವ ಬಾಣಗಳಿರಲಿಲ್ಲ. ಕೃಷ್ಣನಿದ್ದ; ಆದರೆ ಅವನು ನಮ್ಮ ಹಾಗೆ ವಯಸ್ಸಾಗುವ, ದಣಿಯುವ ಮನುಷ್ಯ. ಉತ್ಸಾಹದಿಂದ ಅಜ್ಜಿಗೆ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅವರು, "ದೇವರನ್ನೇ ತೆಗೆದ ಮೇಲೆ ಉಳಿಯೋದೇನೋ ಮಗ?" ಎಂದರು. ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ.

ದೇವರನ್ನು ಮನುಷ್ಯನನ್ನಾಗಿ ಕಾಣುವುದು ಇಂದು ನಿನ್ನೆಯ ಆಲೋಚನೆಯಲ್ಲ. ಸುಮಾರು 1100ರಲ್ಲಿ ಬಾಳಿದ ನಾಗಚಂದ್ರನ 'ರಾಮಚಂದ್ರಚರಿತ ಪುರಾಣ' ಜೈನ ಪರಂಪರೆಯ ರಾಮಾಯಣ. ಆ ಪರಂಪರೆಯಲ್ಲಿ ವಾನರರು ಕೋತಿಗಳಲ್ಲ, ಕಪಿಯ ಚಿಹ್ನೆಯ ಧ್ವಜವುಳ್ಳ ಒಂದು ಮನುಷ್ಯ ವಂಶದವರು. ರಾಮ ವಿಷ್ಣುವಿನ ಅವತಾರವಲ್ಲ. ಧರ್ಮವನ್ನು ಆಚರಿಸಿ ಮೋಕ್ಷ ಪಡೆಯುವ ಮಹಾಪುರುಷ. ನಾಗಚಂದ್ರನ ರಾವಣನಾದರೋ ತಪ್ಪು ಮಾಡಿ ಅದಕ್ಕಾಗಿ ಒಳಗೇ ಬೇಯುವವನು. ಆದರೆ ಅಲ್ಲಿಯೂ ಒಂದು ಧರ್ಮದ ಚೌಕಟ್ಟು ಇತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಚೌಕಟ್ಟು ಬದಲಾಯಿತು. ಬಂಗಾಳದ ಬಂಕಿಮಚಂದ್ರರು 1886ರಲ್ಲಿ 'ಕೃಷ್ಣಚರಿತ್ರ' ಪ್ರಕಟಿಸಿದರು. ಬಂಕಿಮರು ಭಕ್ತರೇ. ಆದರೂ ಮೂಲಕಥೆ ಯಾವುದು, ಆಮೇಲೆ ಸೇರಿದ್ದು ಯಾವುದು ಎಂದು ವಕೀಲನಂತೆ ಬಿಡಿಸಿ, ಕೃಷ್ಣನನ್ನು ಆದರ್ಶ ಪುರುಷನನ್ನಾಗಿ ನಿಲ್ಲಿಸಿದರು. ಪುಣೆಯ ಭಂಡಾರ್‌ಕರ್ ಸಂಸ್ಥೆಯ ವಿದ್ವಾಂಸರು 1919ರಲ್ಲಿ ಮಹಾಭಾರತದ ಹಸ್ತಪ್ರತಿಗಳನ್ನು ಹೋಲಿಸುವ ಕೆಲಸ ಹಿಡಿದು, 1966ರಲ್ಲಿ ಪರಿಷ್ಕೃತ ಪಠ್ಯವನ್ನು ಪೂರ್ಣಗೊಳಿಸಿದರು. ಮರುವರ್ಷವೇ ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ ಅವರ 'ಯುಗಾಂತ' ಮರಾಠಿಯಲ್ಲಿ ಬಂದಿತು. ಅದು ಕಾದಂಬರಿಯಲ್ಲ, ಪ್ರಬಂಧಗಳ ಸಂಕಲನ. ಕುಂತಿ, ಗಾಂಧಾರಿ, ದ್ರೌಪದಿಯರನ್ನು ಒಂದು ಕಾಲದ, ಒಂದು ಸಮಾಜದ ಹೆಂಗಸರಂತೆ ನೋಡಿದ ಪುಸ್ತಕ.

ಈ ಹಿನ್ನೆಲೆಯಲ್ಲಿ 1979ರಲ್ಲಿ 'ಪರ್ವ' ಪ್ರಕಟವಾಯಿತು. ವ್ಯಾಸಭಾರತದಲ್ಲಿ ಪಾಂಡವರ ತಂದೆಯರು ಯಮಧರ್ಮ, ವಾಯು, ಇಂದ್ರ, ಅಶ್ವಿನೀದೇವತೆಗಳು. 'ಪರ್ವ'ದಲ್ಲಿ ದೇವರೆಂದರೆ ಹಿಮಾಲಯದ ಮೇಲಿನ ಸೀಮೆಯಲ್ಲಿ ಬಾಳುವ ಒಂದು ಜನಾಂಗ. ಪಾಂಡುವಿಗೆ ಮಕ್ಕಳಾಗುವಂತಿಲ್ಲ. ಅಂದಿನ ಪದ್ಧತಿಯಾದ ನಿಯೋಗದಂತೆ, ಆ ಜನಾಂಗದ ಧರ್ಮಾಧಿಕಾರಿ, ಸೇನಾಪತಿ, ಅರಸರಿಂದ ಕುಂತಿ ಮಕ್ಕಳನ್ನು ಪಡೆಯುತ್ತಾಳೆ. ನಿಯೋಗವನ್ನು ಭೈರಪ್ಪನವರು ಕಲ್ಪಿಸಿದ್ದಲ್ಲ. ಧೃತರಾಷ್ಟ್ರ, ಪಾಂಡು ಹುಟ್ಟಿದ್ದೇ ಹಾಗೆ ಎಂದು ವ್ಯಾಸರೇ ಹೇಳಿದ್ದಾರೆ. ಕುರುಕ್ಷೇತ್ರದ ಯುದ್ಧದಲ್ಲಿ ದಿವ್ಯಾಸ್ತ್ರಗಳ ಬದಲು ಅನ್ನ ನೀರಿನ ಕೊರತೆ, ಕೊಳೆಯುವ ಹೆಣಗಳ ನಾತ, ಯಾಕೆ ಹೋರಾಡುತ್ತಿದ್ದೇವೆಂದು ತಿಳಿಯದ ಸೈನಿಕರು.

ಐದು ವರ್ಷಗಳ ನಂತರ, 1984ರಲ್ಲಿ, ಎಂ.ಟಿ. ವಾಸುದೇವನ್ ನಾಯರ್ ಮಲಯಾಳಂನಲ್ಲಿ 'ರಂಡಾಮೂಳಂ' ಬರೆದರು. ಅಲ್ಲಿ ಕಥೆ ಹೇಳುವವನು ಭೀಮ, ಯಾವಾಗಲೂ ಎರಡನೆಯ ಸಾಲಿನಲ್ಲಿ ನಿಲ್ಲುವವನು. ತಾನು ವಾಯುಪುತ್ರನೆಂದು ನಂಬಿದ್ದ ಅವನಿಗೆ, ತನ್ನ ತಂದೆ ಒಬ್ಬ ಕಾಡಿನ ಮನುಷ್ಯನೆಂದು ಕಡೆಯಲ್ಲಿ ತಿಳಿಯುತ್ತದೆ. 2010ರಲ್ಲಿ ಅಮೀಶ್ ತ್ರಿಪಾಠಿ ಅವರ ಇಂಗ್ಲಿಷ್ ಕಾದಂಬರಿ ಶಿವನನ್ನೇ ಟಿಬೆಟ್ಟಿನ ಒಂದು ಬುಡಕಟ್ಟಿನ ನಾಯಕನನ್ನಾಗಿ ಮಾಡಿತು. ಅಲ್ಲಿ ಕೊರಳು ನೀಲಿಯಾಗುವುದು ಸೋಮರಸವೆಂಬ ಔಷಧಿಯಿಂದ. ಪವಾಡ ಹೋದ ಜಾಗಕ್ಕೆ ಅಲ್ಲಿ ಹೊಸ ತಂತ್ರಜ್ಞಾನ ಬಂದಿದೆ. ಓದಲು ಸ್ವಾರಸ್ಯವಿದೆ, ಆದರೆ ಅದರ ದಾರಿ ಬೇರೆ.

ಇಲ್ಲಿ ವಿಜ್ಞಾನದ ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆಯ ಮಾತು. ಕಥೆಯಿಂದ ಪವಾಡವನ್ನು ತೆಗೆದ ಮಾತ್ರಕ್ಕೆ ಉಳಿದದ್ದು ಚರಿತ್ರೆಯಾಗುವುದಿಲ್ಲ. 'ಹೀಗೆ ನಡೆದಿರಬಹುದು' ಎನ್ನುವುದು ಕಾದಂಬರಿಕಾರನ ಊಹೆ. 'ಹೀಗೆ ನಡೆಯಿತು' ಎನ್ನಲು ಶಾಸನ ಬೇಕು, ಉತ್ಖನನ ಬೇಕು. 'ಪರ್ವ'ವನ್ನು ಸಾಕ್ಷ್ಯವೆಂದು ಉತ್ತರಪತ್ರಿಕೆಯಲ್ಲಿ ಬರೆಯಬಾರದು.

ಹಾಗಾದರೆ ಇಂಥ ಕಾದಂಬರಿಗಳಿಂದ ಪ್ರಯೋಜನವೇನು? ಪ್ರಯೋಗಶಾಲೆಯಲ್ಲಿ ಒಂದು ಅಂಶವನ್ನು ತೆಗೆದಿಟ್ಟು ಉಳಿದವು ಹೇಗೆ ವರ್ತಿಸುತ್ತವೆಂದು ನೋಡುತ್ತೇವಲ್ಲ, ಇದೂ ಹಾಗೆಯೇ. ಕರ್ಣನ ಹುಟ್ಟನ್ನೇ ನೋಡಿ. ಮಂತ್ರದ ಬಲದಿಂದ ಸೂರ್ಯ ಬಂದ ಎಂದರೆ ಯಾರದೂ ತಪ್ಪಿಲ್ಲ, ಎಲ್ಲವೂ ವಿಧಿ. ಮಂತ್ರವನ್ನು ತೆಗೆಯಿರಿ. ಅತಿಥಿಯಾಗಿ ಬಂದ ಋಷಿ, ಅವನ ಸೇವೆಗೆಂದು ಕಳಿಸಲ್ಪಟ್ಟ ಎಳೆಯ ಹುಡುಗಿ, ಕಳಿಸಿದ ಹಿರಿಯರು ಉಳಿಯುತ್ತಾರೆ. ಆಗ 'ಹೊಣೆ ಯಾರದು?' ಎಂಬ ಪ್ರಶ್ನೆ ಎದುರಿಗೆ ಬಂದು ನಿಲ್ಲುತ್ತದೆ. ವರ, ಶಾಪಗಳ ಮರೆ ಹೋದ ಮೇಲೆ ಯುದ್ಧವೂ ಮನುಷ್ಯರೇ ಮಾಡಿದ್ದು, ಮನುಷ್ಯರೇ ತಡೆಯಬಹುದಾಗಿದ್ದದ್ದು.

ಇಂಥ ಬರಹದಿಂದ ನೊಂದವರೂ ಇದ್ದಾರೆ. ಅವರ ನೋವನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ಕೈ ಮುಗಿಯುವವರಿಗೆ ಕೃಷ್ಣ ಒಂದು ಪಾತ್ರವಲ್ಲ, ಕಷ್ಟದಲ್ಲಿ ಕರೆಯುವ ಹೆಸರು. ಆ ಹೆಸರನ್ನು ಯಾವ ಕಾದಂಬರಿಯೂ ಕಿತ್ತುಕೊಳ್ಳಲಾರದು, ಕಿತ್ತುಕೊಳ್ಳಲೂ ಬಾರದು.

ಎಂ.ಟಿ. 2024ರ ಡಿಸೆಂಬರ್‌ನಲ್ಲಿ, ಭೈರಪ್ಪನವರು 2025ರ ಸೆಪ್ಟೆಂಬರ್‌ನಲ್ಲಿ ನಮ್ಮನ್ನಗಲಿದರು. ಅಜ್ಜಿ ಅವರಿಬ್ಬರಿಗಿಂತ ಬಹಳ ಮೊದಲೇ ಹೋದರು. ಇಂದು ಅವರು ಅದೇ ಪ್ರಶ್ನೆ ಕೇಳಿದರೆ ನಾನು ಹೇಳುವುದಿಷ್ಟು: "ಉಳಿಯೋದು ನಾವು ಅಜ್ಜಿ, ನಮ್ಮ ತಪ್ಪುಗಳ ಸಮೇತ." ಅವರು ಒಪ್ಪುತ್ತಿದ್ದರೆಂದು ಹೇಳಲಾರೆ. ನೀವು ವ್ಯಾಸಭಾರತದ ಒಂದು ಪ್ರಸಂಗವನ್ನೂ 'ಪರ್ವ'ದಲ್ಲಿ ಅದೇ ಪ್ರಸಂಗವನ್ನೂ ಜೊತೆಗಿಟ್ಟು ಓದಿ, ನಿಮ್ಮ ಉತ್ತರವನ್ನು ನೀವೇ ಕಂಡುಕೊಳ್ಳಿ.