ಮುಂದುವರಿದ ದೇಶಗಳಲ್ಲಿ ಹೆಪಟೈಟಿಸ್ ಇ

ಹೆಪಟೈಟಿಸ್ ಇ ಯಕೃತ್ತಿಗೆ ತಗಲುವ ವೈರಸ್ ಸೋಂಕು. ಕಣ್ಣು, ಮೂತ್ರ ಹಳದಿಯಾಗುವ ಕಾಮಾಲೆ ಇದರ ಎದ್ದುಕಾಣುವ ಲಕ್ಷಣವಾದರೂ ಸೋಂಕು ತಗಲಿದ ಬಹುಪಾಲು ಮಂದಿಗೆ ಯಾವ ತೊಂದರೆಯೂ ಆಗುವುದಿಲ್ಲ. ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ಇದನ್ನು ಬಡ ದೇಶಗಳ, ಕೊಳಚೆ ಬೆರೆತ ಕುಡಿಯುವ ನೀರಿನ ಕಾಯಿಲೆ ಎಂದೇ ಬಗೆಯಲಾಗಿತ್ತು. ಆದರೆ ಯುರೋಪ್, ಅಮೆರಿಕ, ಜಪಾನ್‌ಗಳಲ್ಲೂ ಅದು ಬೇರೂರಿತ್ತು, ಹುಡುಕುವವರಿರಲಿಲ್ಲ, ಅಷ್ಟೆ.

ಬಡ ದೇಶಗಳ ಕಾಯಿಲೆ ಎಂಬ ನಂಬಿಕೆಗೆ ಕಾರಣವಿತ್ತು. ರೋಗ ಮೊದಲು ಕಣ್ಣಿಗೆ ಬಿದ್ದದ್ದೇ ಭಾರತದಲ್ಲಿ. 1955–56ರಲ್ಲಿ ದೆಹಲಿಯ ಕುಡಿಯುವ ನೀರಿಗೆ ಚರಂಡಿ ನೀರು ಸೇರಿ ಸುಮಾರು 29,000 ಮಂದಿಗೆ ಕಾಮಾಲೆಯಾಯಿತು. 1978ರಲ್ಲಿ ಕಾಶ್ಮೀರದಲ್ಲಿ ಹಬ್ಬಿದ ಕಾಮಾಲೆಗೆ ಗರ್ಭಿಣಿಯರು ಹೆಚ್ಚಾಗಿ ಬಲಿಯಾದುದನ್ನು ಕಂಡ ವೈದ್ಯ ಮಹಮ್ಮದ್ ಸುಲ್ತಾನ್ ಖುರೂ, ಇದು ಆಗಲೇ ಗೊತ್ತಿದ್ದ ಹೆಪಟೈಟಿಸ್ ಎ ಅಲ್ಲ, ಬೇರೆಯೇ ರೋಗ ಎಂದು ವಾದಿಸಿದರು. 1983ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಸೋವಿಯತ್ ವಿಜ್ಞಾನಿ ಮಿಖಾಯಿಲ್ ಬಲಯಾನ್, ಇಂಥ ಕಾಮಾಲೆಯ ರೋಗಿಗಳ ಮಲದಿಂದ ತಯಾರಿಸಿದ ದ್ರಾವಣವನ್ನು ತಾವೇ ಕುಡಿದರು. ಹೆಪಟೈಟಿಸ್ ಎ ವಿರುದ್ಧ ಅವರಿಗೆ ಮೊದಲೇ ರೋಗನಿರೋಧಕ ಶಕ್ತಿಯಿತ್ತು. ಒಂದು ತಿಂಗಳು ಕಳೆದ ಮೇಲೆ ಅವರಿಗೂ ಕಾಮಾಲೆ ಬಂತು; ಅದು ಹೆಪಟೈಟಿಸ್ ಎ ಆಗಿರಲು ಸಾಧ್ಯವಿರಲಿಲ್ಲ. ಅವರ ಮಲದಲ್ಲೇ ಹೊಸ ವೈರಸ್ ಕಾಣಿಸಿತು. 1990ರ ಹೊತ್ತಿಗೆ ಅದರ ವಂಶವಾಹಿಯ ತುಣುಕು ಕೈಗೆ ಸಿಕ್ಕಿ, ರಕ್ತಪರೀಕ್ಷೆಯ ದಾರಿ ತೆರೆಯಿತು.

ಆದರೆ ಶ್ರೀಮಂತ ದೇಶಗಳ ವೈದ್ಯರು ಏಷ್ಯಾ, ಆಫ್ರಿಕಾಗಳಿಗೆ ಹೋಗಿಬಂದವರನ್ನಷ್ಟೇ ಪರೀಕ್ಷಿಸುತ್ತಿದ್ದರು. ಊರು ಬಿಟ್ಟು ಕದಲದ ವಯಸ್ಸಾದ ಗಂಡಸಿಗೆ ಕಾಮಾಲೆಯಾದರೆ ಆತ ನುಂಗುತ್ತಿದ್ದ ಮಾತ್ರೆಗಳ ಮೇಲೆ ತಪ್ಪು ಹೊರಿಸಲಾಗುತ್ತಿತ್ತು. ರೋಗವಿಲ್ಲವೆಂದು ಪರೀಕ್ಷೆಯಿಲ್ಲ, ಪರೀಕ್ಷೆಯಿಲ್ಲವೆಂದು ರೋಗವೂ ಇಲ್ಲ.

1997ರಲ್ಲಿ ಅಮೆರಿಕದ ಹಂದಿಗಳಲ್ಲಿ ಇದೇ ಜಾತಿಯ ವೈರಸ್ ಪತ್ತೆಯಾಯಿತು. ವಿದೇಶ ಪ್ರಯಾಣ ಮಾಡದ ಅಮೆರಿಕನ್ ರೋಗಿಗಳಲ್ಲಿ ಸಿಕ್ಕ ವೈರಸ್ಸು ಏಷ್ಯಾದ್ದಕ್ಕಿಂತ ಈ ಹಂದಿಗಳದ್ದಕ್ಕೇ ಹತ್ತಿರವಾಗಿತ್ತು. ದೆಹಲಿ, ಕಾಶ್ಮೀರಗಳಂಥ ಕಡೆ ನೀರಿನಿಂದ ಹರಡುವುದು ಮನುಷ್ಯರಿಗೆ ಮಾತ್ರ ತಗಲುವ ಬಗೆ. ಪಶ್ಚಿಮದ್ದು ಮುಖ್ಯವಾಗಿ ಜೀನೋಟೈಪ್ 3 ಎಂಬ ಬಗೆ, ಹಂದಿ ಮತ್ತು ಕಾಡುಹಂದಿಗಳಲ್ಲಿ ನೆಲೆಸಿರುವುದು. 2003ರಲ್ಲಿ ಜಪಾನಿನಲ್ಲಿ ಹಸಿ ಜಿಂಕೆ ಮಾಂಸ ತಿಂದ ಎರಡು ಕುಟುಂಬದವರಿಗೆ ರೋಗ ಬಂತು. ತಿಂದು ಮಿಕ್ಕ ಮಾಂಸ ಅದೃಷ್ಟಕ್ಕೆ ಫ್ರೀಜರಿನಲ್ಲಿತ್ತು. ಅದರ ವೈರಸ್ಸೂ ರೋಗಿಗಳ ವೈರಸ್ಸೂ ಒಂದೇ ಆಗಿದ್ದವು. ಆಹಾರದಿಂದ ಸೋಂಕು ಬಂತೆನ್ನಲು ಇದಕ್ಕಿಂತ ನೇರ ಸಾಕ್ಷ್ಯ ಬೇಕಿರಲಿಲ್ಲ. ಫ್ರಾನ್ಸಿನಲ್ಲಿ, ಹಂದಿಯ ಲಿವರ್ ಹಾಕಿ ಮಾಡುವ ಕಾರ್ಸಿಕಾದ ಫಿಗಾಟೆಲ್ಲು ಸಾಸೇಜಿನ ಮೇಲೆ ಇಂಥದೇ ಆರೋಪ ಬಂತು.

ಸೋಂಕು ಎಷ್ಟು ಜನಕ್ಕಿದೆ ಎಂಬ ಪ್ರಶ್ನೆಗೆ ಬಂದ ಉತ್ತರಗಳನ್ನು ಮಾತ್ರ ಎಚ್ಚರದಿಂದ ಓದಬೇಕು. ಇಂಗ್ಲೆಂಡಿನ ನೈಋತ್ಯ ಭಾಗದ ರಕ್ತದಾನಿಗಳ ಅವೇ ಮಾದರಿಗಳಲ್ಲಿ ಒಂದು ಪರೀಕ್ಷಾ ಕಿಟ್ ಶೇ. 3.6ರಷ್ಟು ಜನರಿಗೆ ಹಿಂದೆ ಸೋಂಕು ತಗಲಿತ್ತೆಂದು ತೋರಿಸಿದರೆ, ಇನ್ನೊಂದು ಕಿಟ್ ಶೇ. 16.2 ಎಂದಿತು. ಕಿಟ್ ಬದಲಾದರೆ ಅಂಕಿಯೂ ಬಹಳ ಬದಲಾಗುತ್ತದೆ. ಜರ್ಮನಿಯ ವಯಸ್ಕರಲ್ಲಿ ಶೇ. 17ರ ಆಸುಪಾಸು, ಫ್ರಾನ್ಸಿನ ರಕ್ತದಾನಿಗಳಲ್ಲಿ ಸರಾಸರಿ ಶೇ. 22 ಮಂದಿಯಲ್ಲಿ ಹಿಂದಿನ ಸೋಂಕಿನ ಗುರುತಾದ ಪ್ರತಿಕಾಯಗಳು ಸಿಕ್ಕಿವೆ. ದಕ್ಷಿಣ ಫ್ರಾನ್ಸಿನ ಟುಲೂಸ್ ಸುತ್ತ ಅದು ಅರ್ಧವನ್ನೂ ದಾಟಿದೆ. ಯುರೋಪಿನಲ್ಲಿ ವರದಿಯಾದ ಪ್ರಕರಣಗಳು 2005ರಿಂದ 2015ರೊಳಗೆ ಹತ್ತು ಪಟ್ಟಾದವು. ಇದರಲ್ಲಿ ಒಳ್ಳೆಯ ಪರೀಕ್ಷೆಗಳ, ವೈದ್ಯರ ಅರಿವಿನ ಪಾಲು ದೊಡ್ಡದು. ಡೆನ್ಮಾರ್ಕಿನಲ್ಲಂತೂ 1983ರ ರಕ್ತದಾನಿಗಳಲ್ಲಿ ಸುಮಾರು ಮೂರರಲ್ಲೊಬ್ಬರಿಗಿದ್ದ ಪ್ರತಿಕಾಯ 2003ರಲ್ಲಿ ಐದರಲ್ಲೊಬ್ಬರಿಗೆ ಇಳಿದಿತ್ತು. ಹೊಸ ರೋಗವಾಗಿದ್ದರೆ ಏರಬೇಕಿತ್ತು.

ಹೆಚ್ಚಿನವರಿಗೆ ನಿರುಪದ್ರವಿಯಾದ ಈ ಸೋಂಕಿನ ಬಗ್ಗೆ ಚಿಂತೆ ಹುಟ್ಟಿದ್ದು 2008ರಲ್ಲಿ. ಅಂಗಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಸೇವಿಸುವವರಲ್ಲಿ ಸೋಂಕು ವಾಸಿಯಾಗದೆ ಉಳಿದು ಯಕೃತ್ತನ್ನು ಹಾಳುಗೆಡವಬಲ್ಲದು ಎಂದು ಟುಲೂಸಿನ ವೈದ್ಯರು ತೋರಿಸಿದರು. ದಾನದ ರಕ್ತದಿಂದಲೂ ಸೋಂಕು ತಗಲಬಹುದಾದ್ದರಿಂದ ಇಂಥವರಿಗೆ ರಕ್ತ ಕೊಡುವುದೂ ಆಗ ಪ್ರಶ್ನೆಯಾಯಿತು. ಆಗ್ನೇಯ ಇಂಗ್ಲೆಂಡಿನ 2,25,000 ರಕ್ತದಾನಗಳನ್ನು ಪರೀಕ್ಷಿಸಿದಾಗ 79ರಲ್ಲಿ ವೈರಸ್ ಇತ್ತೆಂದು 2014ರಲ್ಲಿ ಪ್ರಕಟವಾಯಿತು. ಬಳಿಕ ಐರ್ಲೆಂಡ್, ಬ್ರಿಟನ್, ನೆದರ್‌ಲ್ಯಾಂಡ್ಸ್ ದಾನದ ರಕ್ತದಲ್ಲಿ ಇದನ್ನು ಹುಡುಕತೊಡಗಿದವು. ಜರ್ಮನಿ ಮತ್ತು ಜಪಾನ್ 2020ರಲ್ಲಿ ಈ ಪರೀಕ್ಷೆಯನ್ನು ದೇಶಾದ್ಯಂತ ಜಾರಿಗೆ ತಂದವು.